ಬೆಳಗುವುದು ಸುಲಭ, ಹೊರಗೆ ಹೋಗುವುದು ಕಷ್ಟ: ವಿರಳ ಭೂಧಾತು ನ್ಯಾನೊ ಕಣಗಳ ವಿನ್ಯಾಸದ ಇಕ್ಕಟ್ಟು

ಎಂಆರ್‌ಐ ಸ್ಕ್ಯಾನ್‌ಗೆಂದು ವೈದ್ಯರು ಬರೆದುಕೊಟ್ಟ ಚೀಟಿಯಲ್ಲಿ ‘ವಿತ್ ಕಾಂಟ್ರಾಸ್ಟ್’ ಎಂದಿದ್ದರೆ ಸ್ಕ್ಯಾನಿಂಗ್ ಕೇಂದ್ರದವರು ಸಾಮಾನ್ಯವಾಗಿ ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆಯೆಂದು ತಿಳಿಸುವ ರಕ್ತದ ಕ್ರಿಯಾಟಿನಿನ್ ವರದಿ ಕೇಳುತ್ತಾರೆ. ಮೆದುಳಿನ ಚಿತ್ರ ತೆಗೆಯುವುದಕ್ಕೂ ಮೂತ್ರಪಿಂಡಕ್ಕೂ ಏನು ಸಂಬಂಧವೆಂದು ರೋಗಿಯ ಕಡೆಯವರಿಗೆ ಅನ್ನಿಸುವುದು ಸಹಜ. ಸಂಬಂಧವಿರುವುದು ರಕ್ತನಾಳಕ್ಕೆ ಚುಚ್ಚುವ ಆ ತಿಳಿ ದ್ರವದಲ್ಲಿ. ಅದರಲ್ಲಿ ಗ್ಯಾಡೊಲಿನಿಯಂ ಎಂಬ ಲೋಹವಿದೆ. ರೂಢಿಯಲ್ಲಿರುವ ಪ್ರಮಾಣ ದೇಹತೂಕದ ಪ್ರತಿ ಕಿಲೊಗೆ 0.1 ಮಿಲಿಮೋಲ್. 60 ಕಿಲೊ ತೂಕದವರ ಲೆಕ್ಕ ಹಾಕಿದರೆ ಒಂದೇ ಸಲಕ್ಕೆ ಹೆಚ್ಚುಕಡಿಮೆ ಒಂದು ಗ್ರಾಂ ಗ್ಯಾಡೊಲಿನಿಯಂ ದೇಹ ಸೇರುತ್ತದೆ. ದೇಹಕ್ಕೆ ಈ ಲೋಹದಿಂದ ಯಾವ ಉಪಯೋಗವೂ ಇಲ್ಲ. ಚಿತ್ರ ಸಿಕ್ಕ ಮೇಲೆ ಅದು ಮುಖ್ಯವಾಗಿ ಮೂತ್ರದ ಮೂಲಕವೇ ಹೊರಗೆ ಹೋಗಬೇಕು. ಮೂತ್ರಪಿಂಡ ಸೋತವರಲ್ಲಿ ಅದು ದೇಹದಲ್ಲೇ ಬಹಳ ಹೊತ್ತು ನಿಂತುಬಿಡುತ್ತದೆ.

ಗ್ಯಾಡೊಲಿನಿಯಂ ಹದಿನೇಳು ವಿರಳ ಭೂಧಾತುಗಳಲ್ಲಿ ಒಂದು. ಅದರ ಒಡಹುಟ್ಟುಗಳಾದ ಎರ್ಬಿಯಂ, ಥೂಲಿಯಂ, ಯಿಟ್ಟರ್ಬಿಯಂ, ನಿಯೋಡೈಮಿಯಂ, ಯುರೋಪಿಯಂ ಮುಂತಾದವುಗಳಿಂದ ನ್ಯಾನೊ ಕಣಗಳನ್ನು ತಯಾರಿಸಿ, ದೇಹದೊಳಗಿನ ಕ್ಯಾನ್ಸರ್ ಗಡ್ಡೆಯನ್ನು ಬೆಳಕಿನಲ್ಲಿ ತೋರಿಸುವ, ಜೀವಕೋಶದ ಉಷ್ಣತೆಯನ್ನು ಅಳೆಯುವ, ರಕ್ತದ ಹನಿಯಲ್ಲಿ ರೋಗದ ಗುರುತು ಹಿಡಿಯುವ ಕೆಲಸ ಎರಡು ದಶಕಕ್ಕೂ ಮೇಲ್ಪಟ್ಟು ಹಲವು ದೇಶಗಳ ಪ್ರಯೋಗಾಲಯಗಳಲ್ಲಿ ಬಿರುಸಾಗಿ ನಡೆದಿದೆ. ಪ್ರಬಂಧಗಳ ಸಂಖ್ಯೆ ಸಾವಿರಗಟ್ಟಲೆ. ಹೀಗಿದ್ದೂ, ಅವಗೆಂಪು ಕಿರಣ ನುಂಗಿ ಬಣ್ಣದ ಬೆಳಕು ಬೀರುವ ಈ ಜಾತಿಯ ಕಣಗಳಲ್ಲಿ ಮನುಷ್ಯರ ರಕ್ತನಾಳಕ್ಕೆ ಚುಚ್ಚಲು ಅನುಮತಿ ಪಡೆದದ್ದು ಒಂದೂ ಇಲ್ಲ. ಕಣಗಳು ಸಾಕಷ್ಟು ಬೆಳಗುತ್ತಿಲ್ಲ ಎನ್ನುವುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಅದು ಅರ್ಧ ಕಾರಣ ಮಾತ್ರ ಎಂಬುದು ನನ್ನ ಅಭಿಪ್ರಾಯ. ವಿನ್ಯಾಸಕಾರರು ಹೊಳಪನ್ನು ಮೊದಲ ಪ್ರಶ್ನೆಯಾಗಿ ಹಿಡಿದರು, ಕ್ರಿಯಾಟಿನಿನ್ ವರದಿಯ ಹಿಂದಿರುವ, ದೇಹದಿಂದ ಹೊರಗೆ ಹೋಗುವ ಪ್ರಶ್ನೆಯನ್ನು ಕೊನೆಗೆ ಉಳಿಸಿಕೊಂಡರು. ಮತ್ತು ಈ ಎರಡು ಪ್ರಶ್ನೆಗಳ ಉತ್ತರಗಳು ಕಣದ ಗಾತ್ರದ ವಿಷಯದಲ್ಲಿ ಒಂದಕ್ಕೊಂದು ಎದುರಾಗಿವೆ.

ಈ ಧಾತುಗಳ ಆಕರ್ಷಣೆ ಎಲ್ಲಿದೆ ಎಂಬುದನ್ನು ಮೊದಲು ನೋಡೋಣ. ಅವುಗಳ ಪರಮಾಣುವಿನ ಒಳಭಾಗದಲ್ಲಿ 4ಎಫ್ ಎಂದು ಕರೆಯುವ ಎಲೆಕ್ಟ್ರಾನ್‌ಗಳಿವೆ. ಅವುಗಳಿಗಿಂತ ಹೊರಗಿರುವ 5ಎಸ್ ಮತ್ತು 5ಪಿ ಪದರಗಳು ಮರೆಯಾಗಿ ನಿಲ್ಲುವುದರಿಂದ ಸುತ್ತಲೂ ನೀರಿರಲಿ, ಪ್ರೋಟೀನ್ ಇರಲಿ, ಆ ಎಲೆಕ್ಟ್ರಾನ್‌ಗಳು ಹೊಮ್ಮಿಸುವ ಬೆಳಕಿನ ಬಣ್ಣ ಅಷ್ಟಾಗಿ ಕದಲುವುದಿಲ್ಲ. ಯುರೋಪಿಯಂ 615 ನ್ಯಾನೊಮೀಟರ್ (ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು) ಅಲೆಯುದ್ದದ ಆಸುಪಾಸಿನಲ್ಲಿ ಕೆಂಪನ್ನೂ ಟರ್ಬಿಯಂ 545ರ ಬಳಿ ಹಸಿರನ್ನೂ ಕಿರಿದಾದ ಗೆರೆಗಳಾಗಿ ಕೊಡುತ್ತವೆ. ಜೀವಕೋಶಗಳಿಗೆ ಹಚ್ಚುವ ಸಾಮಾನ್ಯ ಪ್ರತಿದೀಪ್ತಿ ಬಣ್ಣಗಳು ಬೆಳಕಿಗೆ ಒಡ್ಡಿದಷ್ಟೂ ಮಾಸುತ್ತವೆ, ಇವು ಗಂಟೆಗಟ್ಟಲೆ ಲೇಸರ್ ಬಿಟ್ಟರೂ ಮಾಸುವುದಿಲ್ಲ. ಆದರೆ ಕ್ವಾಂಟಂ ನಿಯಮದ ಪ್ರಕಾರ ಈ ಎಲೆಕ್ಟ್ರಾನ್‌ಗಳ ಮಟ್ಟದಿಂದ ಮಟ್ಟಕ್ಕೆ ಜಿಗಿಯುವಿಕೆ ‘ನಿಷಿದ್ಧ’. ಪೂರ್ತಿ ಅಸಾಧ್ಯವೆಂದಲ್ಲ, ಬಲು ವಿರಳ. ಹಾಗಾಗಿ ಒಮ್ಮೆ ಮೇಲೇರಿದ ಎಲೆಕ್ಟ್ರಾನ್ ಕೆಳಗಿಳಿಯಲು ಮೈಕ್ರೊಸೆಕೆಂಡುಗಳಿಂದ ಮಿಲಿಸೆಕೆಂಡುಗಳವರೆಗೆ ತೆಗೆದುಕೊಳ್ಳುತ್ತದೆ. ಅದೇ ಕಾರಣಕ್ಕೆ ಅವು ಬೆಳಕನ್ನು ಹೀರಿಕೊಳ್ಳುವುದೂ ಅಷ್ಟೇ ನಿಧಾನ: ಒಂದು ಒಳ್ಳೆಯ ಸಾವಯವ ಬಣ್ಣದ ಅಣುವಿಗೆ ಹೋಲಿಸಿದರೆ ಒಂದು ಯಿಟ್ಟರ್ಬಿಯಂ ಅಯಾನು ಬೆಳಕು ಹಿಡಿಯುವ ಸಾಮರ್ಥ್ಯ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ವರವೂ ಶಾಪವೂ ಒಂದೇ ನಿಯಮದಿಂದ ಬಂದಿವೆ.

ಮೇಲಿನ ಮಟ್ಟದಲ್ಲಿ ದೀರ್ಘಕಾಲ ನಿಲ್ಲುವ ಈ ಗುಣವೇ ಒಂದು ವಿಚಿತ್ರ ಕ್ರಿಯೆಗೆ ದಾರಿ ಮಾಡಿಕೊಟ್ಟಿತು. ಮೊದಲ ಫೋಟಾನ್ (ಬೆಳಕಿನ ಬಿಡಿ ತುಣುಕು) ಏರಿಸಿದ ಎಲೆಕ್ಟ್ರಾನ್ ಇನ್ನೂ ಕೆಳಗಿಳಿಯುವ ಮೊದಲೇ ಎರಡನೆಯ ಫೋಟಾನ್‌ನ ಶಕ್ತಿಯೂ ಬಂದು ಸೇರಿದರೆ, ಎರಡು ಕಡಿಮೆ ಶಕ್ತಿಯ ಫೋಟಾನ್‌ಗಳಿಂದ ಒಂದು ಹೆಚ್ಚು ಶಕ್ತಿಯ ಫೋಟಾನ್ ಹುಟ್ಟುತ್ತದೆ. ಫ್ರಾನ್ಸಿನ ಫ್ರಾಂಸ್ವಾ ಒಝೆಲ್ 1966ರಲ್ಲಿ ಯಿಟ್ಟರ್ಬಿಯಂ–ಎರ್ಬಿಯಂ ಮತ್ತು ಯಿಟ್ಟರ್ಬಿಯಂ–ಥೂಲಿಯಂ ಜೋಡಿಗಳಲ್ಲಿ ಇದನ್ನು ವಿವರಿಸಿದರು. ಈಗ ಇದನ್ನು ‘ಅಪ್‌ಕನ್ವರ್ಷನ್’ ಎಂದೇ ಕರೆಯುತ್ತಾರೆ. ಯಿಟ್ಟರ್ಬಿಯಂ 980 ನ್ಯಾನೊಮೀಟರ್‌ನ ಅವಗೆಂಪು ಕಿರಣವನ್ನು ಹಿಡಿದು ಪಕ್ಕದ ಎರ್ಬಿಯಂಗೆ ದಾಟಿಸುತ್ತದೆ, ಎರ್ಬಿಯಂ ಹಸಿರು ಮತ್ತು ಕೆಂಪು ಬೆಳಕು ಬೀರುತ್ತದೆ. ಎರ್ಬಿಯಂ ಬದಲು ಥೂಲಿಯಂ ಹಾಕಿದರೆ ನೀಲಿ ಬರುತ್ತದೆ, ಜೊತೆಗೆ 800 ನ್ಯಾನೊಮೀಟರ್‌ನ ಕಣ್ಣಿಗೆ ಕಾಣದ ಕಿರಣವೂ ಬರುತ್ತದೆ. ಅವಗೆಂಪು ಕಿರಣ ಬಿದ್ದಾಗ ದೇಹದ ಯಾವ ಸಹಜ ವಸ್ತುವೂ ಹೀಗೆ ಹೆಚ್ಚು ಶಕ್ತಿಯ ಬೆಳಕನ್ನು ಹಿಂದಿರುಗಿಸದಿರುವುದರಿಂದ, ಚಿತ್ರದ ಹಿನ್ನೆಲೆ ಕಪ್ಪಾಗಿಯೇ ಉಳಿಯುತ್ತದೆ. ವೈದ್ಯಕೀಯ ಚಿತ್ರಣದಲ್ಲಿ ಇದು ದೊಡ್ಡ ಅನುಕೂಲ.

ಈ ಕಣಗಳು ಹುಟ್ಟುವ ಬಗೆಯನ್ನು ಹತ್ತಿರದಿಂದ ನೋಡಿದರೆ ಮುಂದಿನ ತೊಡಕು ಅರ್ಥವಾಗುತ್ತದೆ. ಮೂರು ಕತ್ತಿನ ಗಾಜಿನ ಫ್ಲಾಸ್ಕಿನಲ್ಲಿ ಯಿಟ್ರಿಯಂ, ಯಿಟ್ಟರ್ಬಿಯಂ ಮತ್ತು ಎರ್ಬಿಯಂ ಕ್ಲೋರೈಡುಗಳನ್ನು ಹಾಕುತ್ತಾರೆ. ನೂರು ಅಯಾನುಗಳಲ್ಲಿ ಯಿಟ್ಟರ್ಬಿಯಂ ಇಪ್ಪತ್ತು, ಎರ್ಬಿಯಂ ಎರಡು, ಉಳಿದದ್ದು ಯಿಟ್ರಿಯಂ ಎಂಬುದು ಹೆಚ್ಚು ಬಳಕೆಯಲ್ಲಿರುವ ಪಾಕ. ಇದಕ್ಕೆ ಒಲೇಯಿಕ್ ಆಮ್ಲವನ್ನೂ ಆಕ್ಟಾಡೆಸೀನ್ ಎಂಬ ಎಣ್ಣೆಯಂಥ ದ್ರಾವಕವನ್ನೂ ಸೇರಿಸಿ ಬಿಸಿಮಾಡಿ, ತಣಿಸಿ, ಮೆಥನಾಲ್‌ನಲ್ಲಿ ಕರಗಿಸಿದ ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಅಮೋನಿಯಂ ಫ್ಲೋರೈಡನ್ನು ಸುರಿದು, ಮೆಥನಾಲ್ ಪೂರ್ತಿ ಹಾರಿಹೋದ ಮೇಲೆ ಆರ್ಗಾನ್ ಅಥವಾ ನೈಟ್ರೋಜನ್ ಅನಿಲದಡಿ ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ ಒಂದು ಗಂಟೆಯಷ್ಟು ಹೊತ್ತು ಇಡುತ್ತಾರೆ. ಆಮೇಲೆ ಎಥನಾಲ್ ಹಾಕಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ತಳದಲ್ಲಿ ಬಿಳಿಯ ಗಸಿ ಕೂರುತ್ತದೆ. ಅದನ್ನು ಸೈಕ್ಲೊಹೆಕ್ಸೇನ್‌ನಲ್ಲಿ ಕದಡಿದರೆ ತಿಳಿ ದ್ರಾವಣ, ನೋಡಲು ಏನೂ ವಿಶೇಷವಿಲ್ಲ. 980 ನ್ಯಾನೊಮೀಟರ್ ಲೇಸರನ್ನು ಅದರ ಮೂಲಕ ಹಾಯಿಸಿದಾಗ, ಕಣ್ಣಿಗೆ ಕಾಣದ ಆ ಕಿರಣದ ಹಾದಿ ಬಾಟಲಿಯೊಳಗೆ ಹಸಿರು ಗೆರೆಯಾಗಿ ಎದ್ದುಕಾಣುತ್ತದೆ. ಹೊಸದಾಗಿ ಪ್ರಯೋಗಾಲಯಕ್ಕೆ ಸೇರಿದ ವಿದ್ಯಾರ್ಥಿಗಳನ್ನು ಈ ಕ್ಷೇತ್ರಕ್ಕೆ ಸೆಳೆಯಲು ಆ ಗೆರೆಯೊಂದೇ ಸಾಕು ಎನ್ನಿಸುತ್ತದೆ.

ಆದರೆ ಆ ಗೆರೆ ಎಷ್ಟು ಕ್ಷೀಣವೆಂಬುದನ್ನು ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದಲ್ಲಿ ಬೋಯೆ ಮತ್ತು ವಾನ್ ವೆಗೆಲ್ 2010ರಲ್ಲಿ ಅಳೆದು ತೋರಿಸಿದರು. ಇದೇ ಪಾಕದ ದಪ್ಪ ಹರಳಿನ ಪುಡಿ, ತಾನು ಹೀರಿಕೊಂಡ ನೂರು ಫೋಟಾನ್‌ಗಳಿಗೆ ಸುಮಾರು ಮೂರು ಫೋಟಾನ್‌ಗಳನ್ನು ಗೋಚರ ಬೆಳಕಾಗಿ ಕೊಡುತ್ತದೆ. 100 ನ್ಯಾನೊಮೀಟರ್ ಕಣಗಳಲ್ಲಿ ಇದು ಶೇ 0.3ಕ್ಕೆ ಇಳಿಯಿತು, ಸುಮಾರು 10 ನ್ಯಾನೊಮೀಟರ್ ಕಣಗಳಲ್ಲಿ ಶೇ 0.005ಕ್ಕೆ ಕುಸಿಯಿತು. ಕಾರಣ ಮೇಲ್ಮೈ. 100 ನ್ಯಾನೊಮೀಟರ್ ವ್ಯಾಸದ ಗುಂಡುಕಣವೊಂದರಲ್ಲಿ ಹೊರಗಿನ ಒಂದು ನ್ಯಾನೊಮೀಟರ್ ದಪ್ಪದ ಪದರದಲ್ಲಿರುವುದು ಒಟ್ಟು ಗಾತ್ರದ ಶೇ 6 ಮಾತ್ರ. ವ್ಯಾಸ 10 ನ್ಯಾನೊಮೀಟರ್ ಆದಾಗ ಅದು ಶೇ 49. ಅಲ್ಲಿರುವ ಅಯಾನುಗಳಿಗೆ ಅಂಟಿಕೊಂಡ ನೀರು ಮತ್ತು ಸಾವಯವ ಅಣುಗಳ ಕಂಪನಗಳು ಬೆಳಕಾಗಬೇಕಿದ್ದ ಶಕ್ತಿಯನ್ನು ಶಾಖವಾಗಿ ನುಂಗಿಹಾಕುತ್ತವೆ. ಒಳಗಿನ ಅಯಾನುಗಳೂ ಸುರಕ್ಷಿತವಲ್ಲ, ಏಕೆಂದರೆ ಶಕ್ತಿ ಒಂದು ಅಯಾನಿನಿಂದ ಮತ್ತೊಂದಕ್ಕೆ ದಾಟುತ್ತ ಕೊನೆಗೆ ಮೇಲ್ಮೈಗೆ ಬಂದು ಸೋರಿಹೋಗುತ್ತದೆ.

ಕಳೆದ ದಶಕದ ವಿನ್ಯಾಸದ ಜಾಣ್ಮೆಯೆಲ್ಲ ಈ ಸೋರಿಕೆ ತಡೆಯುವುದಕ್ಕೆ ಖರ್ಚಾಗಿದೆ ಎಂದರೆ ತಪ್ಪಿಲ್ಲ. ಬೆಳಗುವ ತಿರುಳಿನ ಸುತ್ತ ಬೆಳಗದ ಸೋಡಿಯಂ ಯಿಟ್ರಿಯಂ ಫ್ಲೋರೈಡಿನ ಕವಚ ಬೆಳೆಸುವುದು ಮೊದಲ ಉಪಾಯ. ಇದು ಹೊಳಪನ್ನು ಹಲವು ಪಟ್ಟು ಏರಿಸುತ್ತದೆ, ಜೊತೆಗೆ ಕಣವನ್ನು ದಪ್ಪಗೂ ಮಾಡುತ್ತದೆ. ಬೆಳಕು ಹಿಡಿಯುವ ಬಡತನಕ್ಕೆ ನೆದರ್ಲೆಂಡ್ಸ್‌ನ ಗ್ರೊನಿಂಗನ್ ತಂಡ 2012ರಲ್ಲಿ ಬೇರೆಯೇ ಮದ್ದು ಹುಡುಕಿತು: ಕಣದ ಮೈಮೇಲೆ ಬೆಳಕನ್ನು ಚೆನ್ನಾಗಿ ಹೀರುವ ಸಾವಯವ ಬಣ್ಣವನ್ನು ಅಂಟಿಸಿ, ಅದು ಹಿಡಿದ ಶಕ್ತಿಯನ್ನು ಕಣದೊಳಗೆ ಇಳಿಸುವುದು. ಫಲ ಸಾವಿರಾರು ಪಟ್ಟು ಹೆಚ್ಚಿದ ಬೆಳಕು. ಆದರೆ ಆ ಬಣ್ಣ ಮಾಸುವ ಜಾತಿಯದು. ಮಾಸದಿರುವುದೇ ಹೆಗ್ಗಳಿಕೆಯಾಗಿದ್ದ ಕಣಕ್ಕೆ ಮಾಸುವ ಅಂಗಿ ತೊಡಿಸಿದಂತಾಯಿತು. ಮೂರನೆಯ ತೊಡಕು 980 ನ್ಯಾನೊಮೀಟರ್ ಕಿರಣವನ್ನು ನೀರು ಹೀರಿಕೊಳ್ಳುವುದು. ದೇಹದ ಬಹುಪಾಲು ನೀರೇ ಆಗಿರುವುದರಿಂದ ಲೇಸರ್ ಬಿಟ್ಟ ಜಾಗ ಕಾಯುತ್ತದೆ. ಕಣಕ್ಕೆ ನಿಯೋಡೈಮಿಯಂ ಸೇರಿಸಿ 808 ನ್ಯಾನೊಮೀಟರ್ ಲೇಸರ್ ಬಳಸಿದರೆ ನೀರಿನ ಹೀರಿಕೆ ಸುಮಾರು ಇಪ್ಪತ್ತು ಪಟ್ಟು ಇಳಿಯುತ್ತದೆ. ಚರ್ಮದ ಮೇಲೆ ಬಿಡಬಹುದಾದ ಲೇಸರ್ ಬೆಳಕಿಗೆ ಸುರಕ್ಷತಾ ಮಿತಿಗಳಿವೆ. 980ಕ್ಕೆ ಪ್ರತಿ ಚದರ ಸೆಂಟಿಮೀಟರಿಗೆ 0.73 ವ್ಯಾಟ್, 808ಕ್ಕೆ 0.33 ವ್ಯಾಟ್ ಎಂಬ ಅಂಕಿಗಳನ್ನು ಈ ಕ್ಷೇತ್ರದ ಪ್ರಬಂಧಗಳು ಉಲ್ಲೇಖಿಸುತ್ತವೆ. ವಿಕ್ಟೋರಿಯಾದ ಆ ಅಳತೆಗಳಿಗೆ ಬಳಸಿದ್ದು ಅಷ್ಟೇ ಜಾಗಕ್ಕೆ 150 ವ್ಯಾಟ್. ಎರಡು ಫೋಟಾನ್‌ಗಳು ಕೂಡಬೇಕಾದ ಕ್ರಿಯೆಯಲ್ಲಿ ಲೇಸರ್ ತಗ್ಗಿಸಿದರೆ ಬೆಳಕು ಅದಕ್ಕಿಂತ ವೇಗವಾಗಿ ತಗ್ಗುತ್ತದೆಯಾದ್ದರಿಂದ, ಬಾಟಲಿಯಲ್ಲಿ ಕಂಡ ಹಸಿರು ಗೆರೆ ರೋಗಿಯ ಹೊಟ್ಟೆಯೊಳಗೂ ಕಂಡೀತೆಂದು ಊಹಿಸುವುದು ದುಡುಕು.

ಇದನ್ನು ಮನಗಂಡ ಕೆಲವರು ಅಪ್‌ಕನ್ವರ್ಷನ್ ಬಿಟ್ಟು ಸರಳ ದಾರಿ ಹಿಡಿದರು. ಎರ್ಬಿಯಂ 1,550 ನ್ಯಾನೊಮೀಟರ್ ಬಳಿಯೂ ಬೆಳಕು ಬೀರುತ್ತದೆ, ಅದಕ್ಕೆ ಒಂದೇ ಫೋಟಾನ್ ಸಾಕು. ಅಲೆಯುದ್ದ ಹೆಚ್ಚಿದಷ್ಟೂ ಅಂಗಾಂಶದಲ್ಲಿ ಬೆಳಕು ಚದುರುವುದು ಕಡಿಮೆ, ಹಾಗಾಗಿ ರಕ್ತನಾಳಗಳು ಮಸುಕಾಗದೆ ಗೆರೆ ಕೊರೆದಂತೆ ಕಾಣುತ್ತವೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹೊಂಗ್‌ಜೀ ಡಾಯ್ ತಂಡ ಸ್ವಲ್ಪ ಸೀರಿಯಂ ಬೆರೆಸಿ ಈ ಬೆಳಕನ್ನು ಹೆಚ್ಚಿಸಿ, 2017ರಲ್ಲಿ ಇಲಿಯ ಮೆದುಳಿನ ರಕ್ತನಾಳಗಳನ್ನು ತಲೆಬುರುಡೆ ತೆರೆಯದೆಯೇ ಚಿತ್ರಿಸಿತು. 2019ರ ಮುಂದಿನ ಕೆಲಸ ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯ. ಅಲ್ಲಿ ಅದೇ ತಂಡ ಕಣಕ್ಕೆ ನೀರಿಗೊಗ್ಗುವ ಪಾಲಿಮರ್ ಪದರಗಳನ್ನು ಹೆಣೆದು ತೊಡಿಸಿ, ಕ್ಯಾನ್ಸರ್ ಗಡ್ಡೆಯ ಮೇಲಿನ ಪಿಡಿ-ಎಲ್1 ಎಂಬ ಪ್ರೋಟೀನನ್ನು ಗುರುತಿಸಿತಲ್ಲದೆ, ಕಣಗಳ ಬಹುಭಾಗ ಎರಡು ವಾರಗಳೊಳಗೆ ಇಲಿಯ ದೇಹದಿಂದ ಹೊರಗೆ ಹೋಯಿತೆಂದು ಅಳೆದು ತೋರಿಸಿತು. ಹೊಳಪಿನ ಜೊತೆಗೆ ನಿರ್ಗಮನವನ್ನೂ ಮುಖ್ಯ ಫಲಿತಾಂಶವಾಗಿ ಮಂಡಿಸಿದ ಕೆಲವೇ ಕೆಲಸಗಳಲ್ಲಿ ಇದೂ ಒಂದು. ಈ ದಾರಿಯ ಅಡಚಣೆ ಹಣದ್ದು. ಸಾಧಾರಣ ಕ್ಯಾಮೆರಾಗಳ ಸಿಲಿಕಾನ್ ಸಂವೇದಕಕ್ಕೆ ಸುಮಾರು 1,100 ನ್ಯಾನೊಮೀಟರ್ ಆಚೆ ಏನೂ ಕಾಣುವುದಿಲ್ಲ. ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಕ್ಯಾಮೆರಾ ಬೇಕು, ಅದು ಬಲು ದುಬಾರಿ.

ಈಗ ದೇಹದ ಕಡೆಯಿಂದ ನೋಡೋಣ. ಬಾಸ್ಟನ್‌ನಲ್ಲಿ ಚೋಯ್ ಮತ್ತು ಫ್ರಾಂಜಿಯೋನಿ ತಂಡ 2007ರಲ್ಲಿ ಕ್ವಾಂಟಂ ಡಾಟ್ ಎಂಬ, ಬೆಳಗುವ ಅರೆವಾಹಕ ಕಣಗಳನ್ನು ಬಳಸಿ ನಡೆಸಿದ ಅಧ್ಯಯನ, ನೀರಿನಲ್ಲಿ ಅಳೆದ ವ್ಯಾಸ 5.5 ನ್ಯಾನೊಮೀಟರಿಗಿಂತ ಕಡಿಮೆ ಇರುವ ಕಣಗಳು ಬೇಗನೆ ಮೂತ್ರದ ಮೂಲಕ ಹೊರಬೀಳುತ್ತವೆಂದು ತೋರಿಸಿತು. ಅದಕ್ಕಿಂತ ದೊಡ್ಡ ಕಣಗಳ ಮೈಗೆ ರಕ್ತದ ಪ್ರೋಟೀನ್‌ಗಳು ಮೆತ್ತಿಕೊಳ್ಳುತ್ತವೆ. ಯಕೃತ್ತು ಮತ್ತು ಗುಲ್ಮದ ಭಕ್ಷಕ ಕೋಶಗಳು ಅವನ್ನು ಪರಕೀಯವೆಂದು ಹಿಡಿದಿಡುತ್ತವೆ. ಅಲ್ಲಿಂದ ಪಿತ್ತರಸದ ಮೂಲಕ ಕರುಳಿಗೆ ಹೋಗಲು ವಾರಗಳೋ ತಿಂಗಳುಗಳೋ ಬೇಕು. ಈಗ ಹಿಂದಿನ ಅಂಕಿಗಳ ಪಕ್ಕದಲ್ಲಿ ಇದನ್ನಿಟ್ಟು ನೋಡಿ: ಬೆಳಗಬೇಕಾದರೆ ಕಣ 30, 50, 100 ನ್ಯಾನೊಮೀಟರ್ ಇರಬೇಕು, ಮೇಲೆ ಕವಚವೂ ಬೇಕು, ಕವಚದ ಮೇಲೆ ಪಾಲಿಮರ್ ಪದರವೂ ಬೇಕು. ಮೂತ್ರದಲ್ಲಿ ಹೋಗಬೇಕಾದರೆ ಎಲ್ಲ ಸೇರಿ 5.5 ಮೀರಬಾರದು. 2019ರಲ್ಲಿ ಚೀನಾದ ಹೆಫೈ ಮತ್ತು ಅಮೆರಿಕದ ಮ್ಯಾಸಚೂಸೆಟ್ಸ್‌ನ ವಿಜ್ಞಾನಿಗಳು ಇಲಿಗಳ ಅಕ್ಷಿಪಟಲದ ಹಿಂದೆ ಅಪ್‌ಕನ್ವರ್ಷನ್ ಕಣಗಳನ್ನು ಚುಚ್ಚಿ ಅವಕ್ಕೆ ಅವಗೆಂಪು ಕಾಣುವಂತೆ ಮಾಡಿದಾಗ ಜಗತ್ತಿನ ಪತ್ರಿಕೆಗಳೆಲ್ಲ ಅದನ್ನು ಸಂಭ್ರಮಿಸಿದವು. ಆ ಶಕ್ತಿ ಹತ್ತು ವಾರ ಉಳಿಯಿತೆಂಬುದು ಸಾಧನೆಯ ಭಾಗವಾಗಿ ವರದಿಯಾಯಿತು. ಕಣಗಳು ಹತ್ತು ವಾರ ಕಣ್ಣಿನೊಳಗೆ ಕೂತಿದ್ದವೆಂಬುದೂ ಅದೇ ವಾಕ್ಯದ ಅರ್ಥ.

ಉಳಿದುಕೊಂಡ ಕಣ ಸುಮ್ಮನೆ ಕೂರುವುದಿಲ್ಲ ಎಂಬುದು ಇನ್ನೊಂದು ಸಂಗತಿ. ಲಾಸ್ ಏಂಜಲಿಸ್‌ನಲ್ಲಿ ಆಂಡ್ರೆ ನೆಲ್ ಅವರ ತಂಡ 2014ರಲ್ಲಿ ತೋರಿಸಿದಂತೆ, ವಿರಳ ಭೂಧಾತುಗಳ ಆಕ್ಸೈಡ್ ಕಣಗಳು ಭಕ್ಷಕ ಕೋಶದೊಳಗಿನ ಲೈಸೊಸೋಮ್ ಎಂಬ ಆಮ್ಲೀಯ ಚೀಲವನ್ನು ಸೇರಿದ ಮೇಲೆ ಕರಗತೊಡಗಿ, ಬಿಡುಗಡೆಯಾದ ಅಯಾನುಗಳು ಅಲ್ಲಿನ ಫಾಸ್ಫೇಟನ್ನು ಸೆಳೆದುಕೊಂಡು ಮುಳ್ಳುಮುಳ್ಳಾದ ಫಾಸ್ಫೇಟ್ ಹರಳುಗಳಾಗಿ ಬೆಳೆಯುತ್ತವೆ. ಆ ಫಾಸ್ಫೇಟಿನ ಒಂದು ಪಾಲು ಚೀಲದ ಪೊರೆಯಿಂದಲೇ ಕಿತ್ತು ಬಂದದ್ದಾದ್ದರಿಂದ ಪೊರೆ ಹರಿದು ಉರಿಯೂತ ಶುರುವಾಗುತ್ತದೆ. ಕಣಗಳಿಗೆ ಮೊದಲೇ ಫಾಸ್ಫೇಟ್ ಲೇಪನ ಕೊಟ್ಟರೆ ಈ ಹಾನಿ ತಗ್ಗುತ್ತದೆ ಎಂಬ ಪರಿಹಾರವನ್ನೂ ಅದೇ ತಂಡ ಕೊಟ್ಟಿತು. ಫ್ಲೋರೈಡ್ ಕಣಗಳು ಆಕ್ಸೈಡಿಗಿಂತ ಗಟ್ಟಿಯಾದರೂ, ಬಹಳ ತೆಳುವಾಗಿ ಕದಡಿದ ನೀರಿನಲ್ಲಿ ಅವೂ ನಿಧಾನವಾಗಿ ಕರಗಿ ಫ್ಲೋರೈಡ್ ಮತ್ತು ಲೋಹದ ಅಯಾನುಗಳನ್ನು ಬಿಡುತ್ತವೆ. ಕೆಲವು ದಿನ ಜೀವಕೋಶಗಳ ತಟ್ಟೆಯಲ್ಲಿಟ್ಟು ‘ವಿಷಕಾರಿಯಲ್ಲ’ ಎಂದು ಬರೆಯುವ ಪದ್ಧತಿ ಇಂಥ ನಿಧಾನದ ಬದಲಾವಣೆಗಳನ್ನು ಹಿಡಿಯಲಾರದು.

ಗ್ಯಾಡೊಲಿನಿಯಂನ ಚರಿತ್ರೆ ಈ ಎಚ್ಚರಿಕೆಗೆ ಸಾಕ್ಷಿ. ಮೊದಲ ಗ್ಯಾಡೊಲಿನಿಯಂ ಔಷಧ ಮ್ಯಾಗ್ನೆವಿಸ್ಟ್ 1988ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಬಿಡಿ ಗ್ಯಾಡೊಲಿನಿಯಂ ಅಯಾನಿನ ಗಾತ್ರ ಕ್ಯಾಲ್ಸಿಯಂ ಅಯಾನಿನ ಗಾತ್ರಕ್ಕೆ ಬಲು ಹತ್ತಿರವಾದ್ದರಿಂದ ಅದು ದೇಹದ ಕ್ಯಾಲ್ಸಿಯಂ ದಾರಿಗಳನ್ನು ಅಡ್ಡಗಟ್ಟುತ್ತದೆ; ಅದಕ್ಕಾಗಿ ಅದನ್ನು ಕೀಲೇಟ್ ಎಂಬ ಅಣುವಿನ ಹಿಡಿತದಲ್ಲಿ ಬಿಗಿದು ಕೊಡುತ್ತಾರೆ. ಈ ಹಿಡಿತ ಸಾಕೆಂದು ಹದಿನೆಂಟು ವರ್ಷ ಎಲ್ಲರೂ ನಂಬಿದ್ದರು. 2006ರಲ್ಲಿ ಆಸ್ಟ್ರಿಯಾದ ಗ್ರೋಬ್ನರ್, ಮೂತ್ರಪಿಂಡ ವಿಫಲವಾದವರಲ್ಲಿ ಚರ್ಮ ಮತ್ತು ಒಳ ಅಂಗಗಳು ಗಡುಸಾಗುವ ನೆಫ್ರೊಜೆನಿಕ್ ಸಿಸ್ಟಮಿಕ್ ಫೈಬ್ರೊಸಿಸ್ ರೋಗಕ್ಕೂ ಈ ಚುಚ್ಚುಮದ್ದಿಗೂ ಸಂಬಂಧವಿದೆಯೆಂದು ಗುರುತಿಸಿದರು. 2014ರಲ್ಲಿ ಜಪಾನಿನ ಕಂಡಾ ಮತ್ತು ಸಹೋದ್ಯೋಗಿಗಳು, ಮೇಲಿಂದ ಮೇಲೆ ಚುಚ್ಚಿಸಿಕೊಂಡವರ ಮೆದುಳಿನ ಕೆಲವು ಭಾಗಗಳು ಎಂಆರ್‌ಐಯಲ್ಲಿ ಶಾಶ್ವತವೆಂಬಂತೆ ಬೆಳ್ಳಗೆ ಕಾಣುತ್ತಿವೆಯೆಂದು ವರದಿ ಮಾಡಿದರು. 2017ರಲ್ಲಿ ಯುರೋಪಿನ ಔಷಧ ನಿಯಂತ್ರಕರು ಸಡಿಲ ಹಿಡಿತದ, ಸರಳರೇಖೆಯ ರಚನೆಯ ಹಲವು ಔಷಧಗಳನ್ನು ತಡೆದರು; ಉಂಗುರದ ರಚನೆಯವು ಉಳಿದುಕೊಂಡವು. ಕೋಟ್ಯಂತರ ಸಲ ಬಳಕೆಯಾದ, ಕೆಲವೇ ಗಂಟೆಗಳಲ್ಲಿ ಬಹುಪಾಲು ಹೊರಗೆ ಹೋಗುವ ಒಂದು ಪುಟ್ಟ ಅಣುವಿನ ವಿಷಯದಲ್ಲೇ ಸತ್ಯ ಹೊರಬರಲು ಇಷ್ಟು ಕಾಲ ಹಿಡಿಯಿತು. ಯಕೃತ್ತಿನಲ್ಲಿ ತಿಂಗಳುಗಟ್ಟಲೆ ತಂಗುವ ಕಣವನ್ನು ನಿಯಂತ್ರಕರು ಅನುಮಾನದಿಂದಲೇ ನೋಡಿದರೆ ಅವರನ್ನು ದೂರುವಂತಿಲ್ಲ.

ಕುತೂಹಲದ ವಿಷಯವೆಂದರೆ, ನ್ಯಾನೊ ಕಣದ ದಾರಿಯಲ್ಲಿ ಆಸ್ಪತ್ರೆಯ ಬಾಗಿಲವರೆಗೆ ಬಂದಿರುವುದೂ ಗ್ಯಾಡೊಲಿನಿಯಂನದೇ. ಇದಕ್ಕೆ ಕಾರಣ ಗಾತ್ರದ ಲೆಕ್ಕ ಇಲ್ಲಿ ತಿರುಗಿ ಬೀಳುವುದು. ಎಂಆರ್‌ಐಯಲ್ಲಿ ಗ್ಯಾಡೊಲಿನಿಯಂ ಕೆಲಸ ಮಾಡುವುದು ತನ್ನ ಏಳು ಒಂಟಿ ಎಲೆಕ್ಟ್ರಾನ್‌ಗಳ ಕಾಂತಬಲದಿಂದ ಪಕ್ಕದ ನೀರಿನ ಅಣುಗಳನ್ನು ಪ್ರಭಾವಿಸುವ ಮೂಲಕ. ನೀರು ಮುಟ್ಟುವುದು ಮೇಲ್ಮೈಯನ್ನು ಮಾತ್ರ. ಒಳಗಿರುವ ಅಯಾನುಗಳು ಹೆಚ್ಚುಕಡಿಮೆ ದಂಡ. ವಾನ್ ವೆಗೆಲ್ ತಂಡವೇ 2011ರಲ್ಲಿ ಸೋಡಿಯಂ ಗ್ಯಾಡೊಲಿನಿಯಂ ಫ್ಲೋರೈಡ್ ಕಣಗಳನ್ನು 8 ನ್ಯಾನೊಮೀಟರಿನಿಂದ 2.5ಕ್ಕೆ ಇಳಿಸಿದಾಗ ಪ್ರತಿ ಅಯಾನಿನ ಪರಿಣಾಮಕಾರಿತ್ವ 3.0ರಿಂದ 7.2ಕ್ಕೆ ಏರಿತು. ಬೆಳಕಿನ ಕಣಕ್ಕೆ ಶತ್ರುವಾದ ಮೇಲ್ಮೈ ಕಾಂತದ ಕಣಕ್ಕೆ ಮಿತ್ರ. ಆದ್ದರಿಂದ ಇಲ್ಲಿ ಒಳ್ಳೆಯ ಚಿತ್ರ ಬೇಕೆಂದರೂ ಕಣ ಚಿಕ್ಕದಿರಬೇಕು, ಬೇಗ ಹೊರಗೆ ಹೋಗಬೇಕೆಂದರೂ ಚಿಕ್ಕದಿರಬೇಕು. ಫ್ರಾನ್ಸಿನ ಲಿಯೋನ್‌ನಲ್ಲಿ ಒಲಿವಿಯೇ ತಿಲ್ಮಾನ್ ಬಳಗದಲ್ಲಿ ರೂಪುಗೊಂಡ ‘ಅಗುಯಿಕ್ಸ್’ ಕಣ ಹೀಗೆಯೇ ಇದೆ. ಸಿಲಿಕಾನ್–ಆಮ್ಲಜನಕದ ಪುಟ್ಟ ಹೆಣಿಗೆಯ ಸುತ್ತ ಉಂಗುರದ ಕೀಲೇಟ್‌ಗಳಲ್ಲಿ ಬಿಗಿದ ಗ್ಯಾಡೊಲಿನಿಯಂ ಇರುವ, ಸುಮಾರು ಐದು ನ್ಯಾನೊಮೀಟರಿನೊಳಗಿನ ಕಣ ಅದು. ಗ್ರೆನೋಬ್ಲ್‌ನಲ್ಲಿ 2016ರಿಂದ ನಡೆದ ಮೊದಲ ಹಂತದ ಪರೀಕ್ಷೆಯಲ್ಲಿ, ಮೆದುಳಿಗೆ ಕ್ಯಾನ್ಸರ್ ಹಬ್ಬಿದ 15 ರೋಗಿಗಳಿಗೆ ಪ್ರತಿ ಕಿಲೊಗೆ 15ರಿಂದ 100 ಮಿಲಿಗ್ರಾಂವರೆಗೆ ಏರಿಸುತ್ತ ಇದನ್ನು ಕೊಟ್ಟು ವಿಕಿರಣ ಚಿಕಿತ್ಸೆ ನೀಡಿದರು. ಕಣ ಗಡ್ಡೆಯಲ್ಲಿ ಸೇರಿಕೊಂಡದ್ದು ಎಂಆರ್‌ಐಯಲ್ಲಿ ಕಂಡಿತು. ಭಾರವಾದ ಲೋಹವಾದ್ದರಿಂದ ವಿಕಿರಣದ ಪೆಟ್ಟನ್ನು ಅಲ್ಲೇ ಹೆಚ್ಚಿಸಲೂಬಲ್ಲುದು. ಚಿಕಿತ್ಸೆಯಲ್ಲಿ ಇದರ ನಿಜವಾದ ಲಾಭ ದೊಡ್ಡ ಪರೀಕ್ಷೆಗಳಲ್ಲಿ ಸಾಬೀತಾಗಬೇಕು. ವಿನ್ಯಾಸದ ದೃಷ್ಟಿಯಿಂದ ಗಮನಿಸಬೇಕಾದದ್ದು ಬೇರೆ: ಇದರಲ್ಲಿ ಕಣ್ಣು ಸೆಳೆಯುವ ಹರಳಿಲ್ಲ, ಹಸಿರು ಗೆರೆಯಿಲ್ಲ, ಮೂತ್ರದಲ್ಲಿ ಹೋಗುವ ಗಾತ್ರವಿದೆ.

ದೇಹದ ಹೊರಗಿನ ಕಥೆಯೇ ಬೇರೆ. ಅಲ್ಲಿ ವಿರಳ ಭೂಧಾತುಗಳು ಗೆದ್ದು ನಾಲ್ಕು ದಶಕಗಳಾದವು, ಅದು ಸುದ್ದಿಯಾಗಲಿಲ್ಲ ಅಷ್ಟೆ. ಫಿನ್‌ಲೆಂಡಿನ ತುರ್ಕು ನಗರದಲ್ಲಿ 1980ರ ದಶಕದಲ್ಲಿ ರೂಪುಗೊಂಡ ‘ಡೆಲ್ಫಿಯಾ’ ವಿಧಾನ ಯುರೋಪಿಯಂನ ನಿಧಾನಗುಣವನ್ನೇ ಬಂಡವಾಳ ಮಾಡಿಕೊಂಡಿತು. ರಕ್ತದ ಮಾದರಿಗೆ ಬೆಳಕಿನ ಒಂದು ಮಿಡಿತ ಕೊಟ್ಟಾಗ ರಕ್ತದ್ದೇ ಅಣುಗಳೂ ಪ್ಲಾಸ್ಟಿಕ್ ತಟ್ಟೆಯೂ ಬೆಳಗುತ್ತವೆ, ಆದರೆ ಆ ಬೆಳಕು ನ್ಯಾನೊಸೆಕೆಂಡುಗಳಲ್ಲಿ ಆರಿಹೋಗುತ್ತದೆ. ಗುರುತಾಗಿ ಸೇರಿಸಿದ ಯುರೋಪಿಯಂ ಮಾತ್ರ, ಚಪ್ಪಾಳೆಯ ಸದ್ದಡಗಿದ ಮೇಲೂ ಗುಂಯ್‌ಗುಡುವ ದೇವಸ್ಥಾನದ ಗಂಟೆಯ ಹಾಗೆ, ಇನ್ನೂ ಬೆಳಗುತ್ತಿರುತ್ತದೆ. ಯಂತ್ರ ಸುಮಾರು 400 ಮೈಕ್ರೊಸೆಕೆಂಡು ಕಾದು, ಮುಂದಿನ 400 ಮೈಕ್ರೊಸೆಕೆಂಡು ಅಳೆದು, ಹೀಗೆ ಸೆಕೆಂಡಿಗೆ ಸಾವಿರ ಸಲ ಮಾಡುತ್ತದೆ. ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದು ಕಾಗದದ ಮೇಲೆ ಒಣಗಿಸಿದ ರಕ್ತದ ಚುಕ್ಕೆಯಲ್ಲಿ ಟಿಎಸ್‌ಎಚ್ ಹಾರ್ಮೋನನ್ನು ಅಳೆದು, ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುವ ಮಕ್ಕಳನ್ನು ಬುದ್ಧಿಮಾಂದ್ಯತೆ ತಟ್ಟುವ ಮೊದಲೇ ಗುರುತಿಸುವ ಕಾರ್ಯಕ್ರಮಗಳಲ್ಲಿ ಈ ವಿಧಾನ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ವಿರಳ ಭೂಧಾತುಗಳಿಂದ ಮನುಷ್ಯರಿಗೆ ಆದ ಅತಿ ದೊಡ್ಡ ವೈದ್ಯಕೀಯ ಉಪಕಾರಗಳ ಪಟ್ಟಿ ಮಾಡಿದರೆ ಇದನ್ನು ಗ್ಯಾಡೊಲಿನಿಯಂನ ಪಕ್ಕದಲ್ಲೇ ಇಡಬೇಕು.

ಅಪ್‌ಕನ್ವರ್ಷನ್ ಕಣಕ್ಕೂ ತಕ್ಕ ಜಾಗ ಸಿಕ್ಕಿದ್ದು ಇಲ್ಲಿಯೇ. ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಪಾಲ್ ಕೋರ್ಸ್ಟ್ಯನ್ಸ್ ತಂಡ, ಗರ್ಭ ಪರೀಕ್ಷೆಯ ಪಟ್ಟಿಯಂಥ ಕಾಗದದ ಪಟ್ಟಿಯಲ್ಲಿ ಚಿನ್ನದ ಕಣಗಳ ಬದಲು ಈ ಕಣಗಳನ್ನು ಬಳಸಿತು. ಶಿಸ್ಟೊಸೋಮ ಹುಳುವಿನ ಸೋಂಕು ಇರುವವರ ಮೂತ್ರ ಮತ್ತು ರಕ್ತದಲ್ಲಿ ಆ ಹುಳು ಬಿಡುವ ಪದಾರ್ಥವನ್ನು ಅತ್ಯಂತ ಕಡಿಮೆ ಪ್ರಮಾಣದಲ್ಲೂ ಪತ್ತೆಹಚ್ಚುವುದು ಇದರ ಹೆಸರುವಾಸಿ ಬಳಕೆ. ಇದರಲ್ಲಿ ಬಳಸುವ ಕಣಗಳ ವ್ಯಾಸ ಸುಮಾರು 400 ನ್ಯಾನೊಮೀಟರ್. ರಕ್ತನಾಳದಲ್ಲಿ ಯೋಚಿಸಲೂ ಆಗದ ಈ ಗಾತ್ರ ಕಾಗದದ ಮೇಲೆ ಯಾರಿಗೂ ತೊಂದರೆ ಕೊಡುವುದಿಲ್ಲ, ಹೊಳಪು ಪೂರ್ತಿಯಾಗಿ ಸಿಗುತ್ತದೆ, ಲೇಸರನ್ನೂ ಚರ್ಮದ ಮಿತಿಯ ಹಂಗಿಲ್ಲದೆ ಬಿಡಬಹುದು. ಲೈಡನ್‌ನಲ್ಲೇ ಅನ್ನೆಮಿಕ್ ಖೆಲುಕ್ ತಂಡ ಇದೇ ಪಟ್ಟಿಯನ್ನು ಕುಷ್ಠರೋಗದ ಪ್ರತಿಕಾಯಗಳನ್ನು ಬೆರಳ ತುದಿಯ ರಕ್ತದಲ್ಲಿ ಅಳೆಯಲು ಹೊಂದಿಸಿ ಬಾಂಗ್ಲಾದೇಶ ಮೊದಲಾದೆಡೆ ಪರೀಕ್ಷಿಸಿದೆ. ಜಗತ್ತಿನಲ್ಲಿ ಪ್ರತಿ ವರ್ಷ ಪತ್ತೆಯಾಗುವ ಹೊಸ ಕುಷ್ಠರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಭಾರತದವರು ಎಂಬುದನ್ನು ನೆನೆದರೆ, ಇಲಿಯೊಳಗಿನ ಹಸಿರು ಬೆಳಕಿಗಿಂತ ಈ ಕಾಗದದ ಪಟ್ಟಿ ನಮಗೆ ಎಷ್ಟು ಹತ್ತಿರದ್ದೆಂದು ಹೇಳಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉದಯ್ ಮೈತ್ರ ಅವರ ಪ್ರಯೋಗಾಲಯ ಇದಕ್ಕೆ ಹತ್ತಿರದ, ಕಣದ ಬದಲು ಜೆಲ್ ಬಳಸುವ ದಾರಿಯನ್ನು ತೋರಿಸಿದೆ: ಟರ್ಬಿಯಂ ಕೋಲೇಟ್ (ಕೋಲೇಟ್ ಎಂದರೆ ಪಿತ್ತರಸದ ಒಂದು ಲವಣ) ಜೆಲ್ಲನ್ನು ಕಾಗದದ ಮೇಲೆ ಲೇಪಿಸಿ, ಹುಡುಕುತ್ತಿರುವ ಕಿಣ್ವ ಮಾದರಿಯಲ್ಲಿದ್ದರೆ ಮಾತ್ರ ಅತಿನೇರಳೆ ದೀಪದಡಿ ಹಸಿರು ಬೆಳಗುವಂತೆ ಮಾಡುವುದು.

ಉಷ್ಣತೆ ಅಳೆಯುವ ಕಣಗಳ ವಿಷಯವನ್ನು ಚುಟುಕಾಗಿ ಹೇಳಬಹುದು. ಎರ್ಬಿಯಂನ ಹಸಿರು ಬೆಳಕಿನಲ್ಲಿ 525 ಮತ್ತು 545 ನ್ಯಾನೊಮೀಟರ್ ಬಳಿಯ ಎರಡು ಗೆರೆಗಳಿದ್ದು, ಬಿಸಿ ಏರಿದಂತೆ ಮೊದಲನೆಯದರ ಪಾಲು ಹೆಚ್ಚುತ್ತದೆ. 2010ರಲ್ಲಿ ವೆಟ್ರೋನೆ ಮತ್ತು ಸಂಗಡಿಗರು ಇದರಿಂದ ಪ್ರಯೋಗಾಲಯಗಳಲ್ಲಿ ಬೆಳೆಸುವ ಹೀಲಾ ಎಂಬ ಕ್ಯಾನ್ಸರ್ ತಳಿಯ ಒಂದು ಜೀವಂತ ಕೋಶದ ಒಳಗಿನ ಉಷ್ಣತೆಯನ್ನು 25ರಿಂದ 45 ಡಿಗ್ರಿಯವರೆಗೆ ಅಳೆದರು. ಆದರೆ ಎರಡು ಬಣ್ಣಗಳ ಅನುಪಾತವನ್ನು ನಂಬುವ ಈ ಥರ್ಮಾಮೀಟರಿಗೆ ಅಂಗಾಂಶದ ಆಳದಲ್ಲಿ ಮೋಸವಾಗುತ್ತದೆ. ರಕ್ತ ಮತ್ತು ನೀರು ಒಂದು ಬಣ್ಣವನ್ನು ಇನ್ನೊಂದಕ್ಕಿಂತ ಹೆಚ್ಚು ಹೀರಿದರೂ ಅದು ಜ್ವರವೆಂದೇ ಓದುತ್ತದೆ. ಬೆಳಕಿನ ಪ್ರಮಾಣದ ಬದಲು ಅದು ಆರುವ ಕಾಲವನ್ನು ಅಳೆಯುವುದು ಇದಕ್ಕಿಂತ ನಂಬಬಹುದಾದ ದಾರಿ.

ಇಷ್ಟೆಲ್ಲದರ ಮೇಲೆ 2025ರಲ್ಲಿ ಕಚ್ಚಾವಸ್ತುವಿನ ಚಿಂತೆಯೂ ಸೇರಿಕೊಂಡಿತು. ಚೀನಾ ಏಪ್ರಿಲ್‌ನಲ್ಲಿ ಗ್ಯಾಡೊಲಿನಿಯಂ, ಟರ್ಬಿಯಂ, ಯಿಟ್ರಿಯಂ ಸೇರಿ ಏಳು ಧಾತುಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಅಕ್ಟೋಬರ್‌ನಲ್ಲಿ ಎರ್ಬಿಯಂ, ಥೂಲಿಯಂ, ಯಿಟ್ಟರ್ಬಿಯಂ, ಯುರೋಪಿಯಂ, ಹೋಲ್ಮಿಯಂಗಳನ್ನು ಸೇರಿಸಿ, ನವೆಂಬರ್‌ನಲ್ಲಿ ಆ ಎರಡನೆಯ ಕ್ರಮವನ್ನು ಒಂದು ವರ್ಷದ ಮಟ್ಟಿಗೆ ತಡೆಹಿಡಿಯಿತು. ಈ ಲೇಖನದಲ್ಲಿ ಇಲ್ಲಿಯವರೆಗೆ ಬಂದಿರುವ ವಿರಳ ಭೂಧಾತುಗಳಲ್ಲಿ ಪಟ್ಟಿಯ ಹೊರಗುಳಿದವು ನಿಯೋಡೈಮಿಯಂ ಮತ್ತು ಸೀರಿಯಂ ಮಾತ್ರ. ವಿದ್ಯುತ್ ಕಾರುಗಳ ಅಯಸ್ಕಾಂತಗಳಿಗೆ ಬೇಕಾಗುವ ಕಿಲೊಗಟ್ಟಲೆ ಲೋಹಕ್ಕೆ ಹೋಲಿಸಿದರೆ ವೈದ್ಯಕೀಯಕ್ಕೆ ಬೇಕಾದದ್ದು ಅತ್ಯಲ್ಪವಾದ್ದರಿಂದ, ಇಲ್ಲಿ ನಿಜವಾದ ಕೊರತೆ ಅದಿರಿನದಲ್ಲ, ಒಂದೊಂದು ಧಾತುವನ್ನೂ ಶೇ 99.99ರ ಶುದ್ಧತೆಗೆ ಬೇರ್ಪಡಿಸುವ ಸಾಮರ್ಥ್ಯದ್ದು. ಕೇರಳ, ತಮಿಳುನಾಡು, ಒಡಿಶಾ ಕಡಲತೀರಗಳ ಮರಳಿನಲ್ಲಿರುವ ಮೊನಜೈಟನ್ನು ಸರ್ಕಾರಿ ಸ್ವಾಮ್ಯದ ಐಆರ್‌ಇಎಲ್ ಸಂಸ್ಕರಿಸುತ್ತದೆ. ಅದರಲ್ಲಿ ಲ್ಯಾಂಥನಂ, ಸೀರಿಯಂ, ನಿಯೋಡೈಮಿಯಂನಂಥ ಹಗುರ ಧಾತುಗಳು ಧಾರಾಳ, ಎರ್ಬಿಯಂ ಥೂಲಿಯಂಗಳು ನಾಮಮಾತ್ರ.

ಹಾಗೆ ನೋಡಿದರೆ, 808ರಲ್ಲಿ ಬೆಳಕು ಹಿಡಿದು 1,060 ನ್ಯಾನೊಮೀಟರ್ ಬಳಿ ಬೀರುವ ನಿಯೋಡೈಮಿಯಂ ಕಣ ನಮ್ಮ ಪ್ರಯೋಗಾಲಯಗಳಿಗೆ ಹೆಚ್ಚು ಒಗ್ಗುವ ವಸ್ತು: ನೀರು ಕಾಯುವ ತೊಂದರೆ ಕಡಿಮೆ, ಒಂದೇ ಫೋಟಾನ್ ಸಾಕು, ಧಾತು ನಮ್ಮ ತೀರದಲ್ಲೇ ಇದೆ. ಅದರ ಮೇಲೆ ಮೊದಲು ಮಾಡಬೇಕಾದ ಅಳತೆಗೆ ದುಬಾರಿ ಕ್ಯಾಮೆರಾವೂ ಬೇಡ. ಆರೋಗ್ಯವಂತ ದೇಹದಲ್ಲಿ ವಿರಳ ಭೂಧಾತುಗಳು ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ, ಕಬ್ಬಿಣ ಅಥವಾ ಸತುವಿನ ಕಣಗಳ ಹಾಗೆ ದೇಹದ್ದೇ ಲೋಹದೊಂದಿಗೆ ಲೆಕ್ಕ ಕಲಸಿಹೋಗುವುದಿಲ್ಲ. ಲೋಹದ ಅತ್ಯಲ್ಪ ಅಂಶವನ್ನೂ ಅಳೆಯುವ ಐಸಿಪಿ-ಎಂಎಸ್ ಯಂತ್ರ ಯಕೃತ್ತು, ಗುಲ್ಮ, ಮೂಳೆ, ಮೂತ್ರ, ಮಲ ಒಂದೊಂದರಲ್ಲೂ ಎಷ್ಟು ಉಳಿದಿದೆ, ಎಷ್ಟು ಹೋಗಿದೆ ಎಂಬುದನ್ನು ಒಂದು ವಾರದಲ್ಲೂ ಆರು ತಿಂಗಳಲ್ಲೂ ಖಚಿತವಾಗಿ ಹೇಳಬಲ್ಲದು. ಚುಚ್ಚಿದ್ದಕ್ಕೂ ಸಿಕ್ಕಿದ್ದಕ್ಕೂ ಲೆಕ್ಕ ಸರಿಹೊಂದದಿದ್ದರೆ, ಕಣ ಎಷ್ಟೇ ಚೆನ್ನಾಗಿ ಬೆಳಗಿದರೂ, ಅದನ್ನು ಮನುಷ್ಯರಲ್ಲಿ ಪರೀಕ್ಷಿಸಲು ಯಾವ ನೈತಿಕ ಸಮಿತಿಯೂ ಒಪ್ಪುವುದು ಕಷ್ಟ.